ಅರ್ನ್‌ಸ್ಟ್ ಅಲೆಕ್ಸಾಂಡರ್ಸನ್

ಅರ್ನ್‌ಸ್ಟ್ ಫ್ರೆಡ್ರಿಕ್ ವೆರ್ನರ್ ಅಲೆಕ್ಸಾಂಡರ್ಸನ್ (ಜನವರಿ 25, 1878 – ಮೇ 14, 1975) ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವಿದ್ಯುತ್ ಇಂಜಿನಿಯರ್ ಹಾಗೂ ರೇಡಿಯೊ ಮತ್ತು ದೂರದರ್ಶನ ಕ್ಷೇತ್ರಗಳ ಆದ್ಯ ಸಂಶೋಧಕರಲ್ಲೊಬ್ಬರು. ಅತಿ ಕೆಳಗಿನ ರೇಡಿಯೊ ಆವರ್ತನಗಳಲ್ಲಿ ನೂರಾರು ಕಿಲೋವ್ಯಾಟ್ ಶಕ್ತಿಯನ್ನು ಎಡೆಬಿಡದೆ ಹೊಮ್ಮಿಸಬಲ್ಲ ಅಲೆಕ್ಸಾಂಡರ್ಸನ್ ಆಲ್ಟರ್ನೇಟರ್ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಆ ಶಕ್ತಿಯನ್ನು ನಿಯಂತ್ರಿಸಲು ಅವರು ರೂಪಿಸಿದ ಕಾಂತೀಯ ವರ್ಧಕ, ಅದು ನೆಲದಲ್ಲಿ ಪೋಲಾಗದಂತೆ ತಡೆಯಲು ರೂಪಿಸಿದ ಬಹುಶ್ರುತಿ ಆಂಟೆನಾ ಇವೆರಡೂ ಅಷ್ಟೇ ಮಹತ್ವದ ಕೊಡುಗೆಗಳು. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಸುಮಾರು 46 ವರ್ಷ ದುಡಿದ ಅವರ ಹೆಸರಿನಲ್ಲಿ 300ಕ್ಕೂ ಹೆಚ್ಚು ಪೇಟೆಂಟುಗಳಿವೆ. ಅವರ ಯಂತ್ರವನ್ನು ಬಳಸುವ ಸ್ವೀಡನ್ನಿನ ಗ್ರಿಮೆಟನ್ ಪ್ರಸಾರ ಕೇಂದ್ರವು ಯುನೆಸ್ಕೊ ವಿಶ್ವ ಪರಂಪರೆಯ ತಾಣವಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಅಲೆಕ್ಸಾಂಡರ್ಸನ್ ಜನಿಸಿದ್ದು ಸ್ವೀಡನ್ನಿನ ಉಪ್ಸಾಲಾ ನಗರದಲ್ಲಿ. ತಂದೆ ಆರೋನ್ ಮಾರ್ಟಿನ್ ಅಲೆಕ್ಸಾಂಡರ್ಸನ್ ಪ್ರಾಚೀನ ಭಾಷೆಗಳ ಅಧ್ಯಾಪಕರಾಗಿದ್ದು, ಮುಂದೆ ಲುಂಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ತಾಯಿ ಅಮೆಲಿ ವಾನ್ ಹೈಡೆನ್‌ಸ್ಟಾಮ್ ಕುಲೀನ ಮನೆತನದವರು. ಬಾಲಕನು ಬೆಳೆದದ್ದು ಲುಂಡ್ ನಗರದಲ್ಲಿ. ಗ್ರೀಕ್ ಮತ್ತು ಲ್ಯಾಟಿನ್ ಗ್ರಂಥಗಳ ನಡುವೆ ಬೆಳೆದರೂ ಅವರ ಒಲವು ಯಂತ್ರಗಳ ಕಡೆಗಿತ್ತು. ಲುಂಡ್ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಓದಿದ ಬಳಿಕ ಸ್ಟಾಕ್‌ಹೋಮ್‌ನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯನ್ನು ಸೇರಿ 1900ರಲ್ಲಿ ಇಂಜಿನಿಯರಿಂಗ್ ಪದವಿ ಪಡೆದರು. ಅನಂತರ ಬರ್ಲಿನ್ನಿನ ಶಾರ್ಲೊಟೆನ್‌ಬರ್ಗ್ ತಾಂತ್ರಿಕ ವಿದ್ಯಾಲಯದಲ್ಲಿ, ಜರ್ಮನಿಯ ನಿಸ್ತಂತು ಸಂಶೋಧನೆಯ ಪ್ರಮುಖರಾದ ಅಡಾಲ್ಫ್ ಸ್ಲಾಬಿ ಅವರ ಬಳಿ ಅಧ್ಯಯನ ಮುಂದುವರಿಸಿದರು.

ಪರ್ಯಾಯ ವಿದ್ಯುತ್ತಿನ ಗಣಿತವನ್ನು ಕುರಿತು ಚಾರ್ಲ್ಸ್ ಪ್ರೋಟಿಯಸ್ ಸ್ಟೈನ್‌ಮೆಟ್ಜ್ ಬರೆದ ಗ್ರಂಥವನ್ನು ಅವರು ಓದಿದ್ದು ಈ ದಿನಗಳಲ್ಲಿ. ಆ ಗ್ರಂಥಕರ್ತನ ಜೊತೆಯಲ್ಲಿಯೇ ಕೆಲಸ ಮಾಡಬೇಕೆಂಬ ಹಂಬಲದಿಂದ 1901ರಲ್ಲಿ ಅಮೆರಿಕಕ್ಕೆ ಪ್ರಯಾಣ ಬೆಳೆಸಿದರು. ನ್ಯೂಜೆರ್ಸಿಯ ಒಂದು ವಿದ್ಯುತ್ ಕಂಪನಿಯಲ್ಲಿ ಅಲ್ಪಕಾಲ ದುಡಿದು, 1902ರಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಯನ್ನು ಸೇರಿದರು. ಸ್ಟೈನ್‌ಮೆಟ್ಜ್ ಅಲ್ಲಿನ ಮುಖ್ಯ ತಜ್ಞರಾಗಿದ್ದರು. 1908ರಲ್ಲಿ ಅಲೆಕ್ಸಾಂಡರ್ಸನ್ ಅಮೆರಿಕದ ಪೌರತ್ವ ಪಡೆದರು.

ಫೆಸೆಂಡೆನ್ ಬೇಡಿಕೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಿಸ್ತಂತು ಸಂದೇಶಗಳನ್ನು ಕಿಡಿ ಪ್ರೇಷಕಗಳಿಂದ ಕಳುಹಿಸಲಾಗುತ್ತಿತ್ತು. ಎರಡು ಲೋಹದ ತುದಿಗಳ ನಡುವೆ ಕಿಡಿ ಹಾರಿದಾಗಲೊಮ್ಮೆ ಆಂಟೆನಾದಲ್ಲಿ ಒಂದು ಕಂಪನ ಎದ್ದು, ಗಂಟೆಯ ನಾದದಂತೆ ಕ್ಷೀಣಿಸಿ ಅಡಗುತ್ತಿತ್ತು. ಇಂಥ ಕಡಿದುಹೋಗುವ ಅಲೆಗಳಿಂದ ಮೋರ್ಸ್ ಸಂಕೇತವನ್ನು ಕಳುಹಿಸಬಹುದಿತ್ತೇ ಹೊರತು ಮನುಷ್ಯನ ಧ್ವನಿಯನ್ನು ಸರಿಯಾಗಿ ಸಾಗಿಸಲು ಆಗುತ್ತಿರಲಿಲ್ಲ. ಜೊತೆಗೆ ಶಕ್ತಿಯು ವಿಶಾಲವಾದ ಆವರ್ತನ ಪಟ್ಟಿಯಲ್ಲಿ ಚೆದುರಿ, ನೆರೆಯ ಕೇಂದ್ರಗಳಿಗೆ ತೊಂದರೆಯಾಗುತ್ತಿತ್ತು. ಕೆನಡಾ ಮೂಲದ ಸಂಶೋಧಕ ರೆಜಿನಾಲ್ಡ್ ಫೆಸೆಂಡೆನ್ ಇದಕ್ಕೆ ಬೇರೊಂದು ದಾರಿಯನ್ನು ಕಂಡಿದ್ದರು. ಮನೆಗಳಿಗೆ ವಿದ್ಯುತ್ ಒದಗಿಸುವ ಆಲ್ಟರ್ನೇಟರು ಸೆಕೆಂಡಿಗೆ 60 ಆವರ್ತಗಳ ಪ್ರವಾಹವನ್ನು ಉತ್ಪಾದಿಸುತ್ತದೆ. ಅದನ್ನೇ ಸೆಕೆಂಡಿಗೆ 1,00,000 ಆವರ್ತಗಳಿಗೆ ಏರಿಸಿದರೆ ಪ್ರವಾಹವನ್ನು ನೇರವಾಗಿ ಆಂಟೆನಾಕ್ಕೆ ಹರಿಸಬಹುದು, ಅಲೆ ಎಂದೂ ಕ್ಷೀಣಿಸುವುದಿಲ್ಲ.

ಆಲೋಚನೆ ಸರಳ, ಯಂತ್ರ ಮಾತ್ರ ಅಸಾಧ್ಯವೆಂಬಂತಿತ್ತು. ಸ್ಟೈನ್‌ಮೆಟ್ಜ್ ಅವರೇ ಫೆಸೆಂಡೆನ್‌ಗಾಗಿ ಮೊದಲು ತಯಾರಿಸಿದ ಯಂತ್ರ 10 ಕಿಲೋಹರ್ಟ್ಸ್ ಮಟ್ಟದ್ದಾಗಿದ್ದು, ಅದರಿಂದ ಉದ್ದೇಶ ಈಡೇರಲಿಲ್ಲ. 1904ರಲ್ಲಿ ಫೆಸೆಂಡೆನ್ ಮತ್ತೆ ಕಂಪನಿಯ ಬಾಗಿಲು ತಟ್ಟಿದಾಗ ಕೆಲಸವು ಇಪ್ಪತ್ತಾರು ವರ್ಷದ ಅಲೆಕ್ಸಾಂಡರ್ಸನ್ ಅವರ ಪಾಲಿಗೆ ಬಂತು.

ಅವರು ತಿರುಗುವ ಭಾಗದ ಮೇಲೆ ತಂತಿ ಸುರುಳಿಗಳನ್ನು ಇಡುವುದನ್ನೇ ಕೈಬಿಟ್ಟರು. ಮಿತಿಮೀರಿದ ವೇಗದಲ್ಲಿ ಸುರುಳಿಗಳು ಕಿತ್ತು ಹಾರಿಹೋಗುತ್ತವೆ. ಬದಲಿಗೆ ತಿರುಗುವುದು ಬರಿಯ ಉಕ್ಕಿನ ಒಂದು ತಟ್ಟೆ. ಅದರ ಅಂಚಿನ ಬಳಿ ಸುತ್ತಲೂ ಸೀಳುಗಳಿದ್ದು, ಅವುಗಳ ನಡುವೆ ಉಳಿದ ಉಕ್ಕಿನ ಹಲ್ಲುಗಳು ಸ್ಥಿರ ಸುರುಳಿಗಳ ಮುಂದೆ ಹಾದುಹೋಗುವಾಗ ಕಾಂತಕ್ಷೇತ್ರ ಏರಿಳಿದು, ಆ ಸುರುಳಿಗಳಲ್ಲಿ ಪ್ರವಾಹ ಹುಟ್ಟುತ್ತದೆ. 300 ಸೀಳುಗಳ ತಟ್ಟೆ ನಿಮಿಷಕ್ಕೆ 20,000 ಸುತ್ತು ತಿರುಗಿದರೆ ಸರಿಯಾಗಿ 100 ಕಿಲೋಹರ್ಟ್ಸ್ ದೊರೆಯುತ್ತದೆ. ಆ ವೇಗದಲ್ಲಿ ಸುಮಾರು 30 ಸೆಂ.ಮೀ. ವ್ಯಾಸದ ತಟ್ಟೆಯ ಅಂಚು ಸೆಕೆಂಡಿಗೆ 300 ಮೀಟರಿಗೂ ಮಿಕ್ಕಿ, ಎಂದರೆ ಶಬ್ದದ ವೇಗಕ್ಕೆ ಸಮೀಪವಾಗಿ ಚಲಿಸುತ್ತದೆ. ಸೀಳುಗಳನ್ನು ತೆರೆದಿಟ್ಟರೆ ಗಾಳಿಯನ್ನು ಕಡೆಯುವುದರಲ್ಲೇ ಮೋಟಾರಿನ ಶಕ್ತಿ ವ್ಯರ್ಥವಾಗುವುದರಿಂದ, ಅವುಗಳಲ್ಲಿ ಕಾಂತಗುಣವಿಲ್ಲದ ಲೋಹವನ್ನು ತುಂಬಿ ಮೇಲ್ಮೈಯನ್ನು ನುಣುಪಾಗಿಸಲಾಯಿತು. ಸೆಳೆತವನ್ನು ತಾಳಿಕೊಳ್ಳಲೆಂದು ತಟ್ಟೆಯನ್ನು ನಡುವೆ ದಪ್ಪವಾಗಿ, ಅಂಚಿನತ್ತ ತೆಳುವಾಗಿ ರೂಪಿಸಲಾಯಿತು. ಅತಿವೇಗದಲ್ಲಿ ತಾನಾಗಿಯೇ ಸಮತೋಲಕ್ಕೆ ಬರುವ ಬಳುಕುವ ದಂಡದ ಕಲ್ಪನೆಯನ್ನು ಅವರು ಪಡೆದದ್ದು ತಮ್ಮದೇ ದೇಶದ ಗುಸ್ತಾಫ್ ಡಿ ಲವಾಲ್ ಅವರ ಉಗಿ ಟರ್ಬೈನಿನಿಂದ.

ಸುರುಳಿಗಳನ್ನು ಹೊತ್ತ ಸ್ಥಿರ ಭಾಗದ ತಿರುಳು ಯಾವುದಾಗಿರಬೇಕು ಎಂಬ ಬಗ್ಗೆ ಗ್ರಾಹಕನಿಗೂ ತಯಾರಕನಿಗೂ ಭಿನ್ನಾಭಿಪ್ರಾಯವಿತ್ತು. ಇಷ್ಟು ಹೆಚ್ಚಿನ ಆವರ್ತನದಲ್ಲಿ ಕಬ್ಬಿಣ ಬಿಸಿಯಾಗಿ ಶಕ್ತಿಯನ್ನು ನುಂಗುತ್ತದೆಂದು ಫೆಸೆಂಡೆನ್ ಮರದ ತಿರುಳಿಗೆ ಪಟ್ಟುಹಿಡಿದರು. ತೀರ ತೆಳುವಾದ ಕಬ್ಬಿಣದ ಹಾಳೆಗಳಾದರೆ ನಷ್ಟ ಕಡಿಮೆಯೆಂಬುದು ಅಲೆಕ್ಸಾಂಡರ್ಸನ್ ಅವರ ವಾದ. 1906ರಲ್ಲಿ ಮ್ಯಾಸಚೂಸೆಟ್ಸ್‌ನ ಬ್ರಾಂಟ್ ರಾಕ್ ಕೇಂದ್ರಕ್ಕೆ ಹೋದದ್ದು ಮರದ ತಿರುಳಿನ ಯಂತ್ರವೇ. ಮುಂದಿನ ದೊಡ್ಡ ಯಂತ್ರಗಳೆಲ್ಲ ಕಬ್ಬಿಣದ ಹಾಳೆಗಳಿಂದಾದವು. ಅವರ ವಾದ ಸರಿಯಾಗಿತ್ತೆಂಬುದಕ್ಕೆ ಇಷ್ಟು ಸಾಕು.

ಬ್ರಾಂಟ್ ರಾಕ್‌ನಲ್ಲಿ 1906ರ ಡಿಸೆಂಬರ್ 21ರಂದು ಫೆಸೆಂಡೆನ್ ಈ ಆಲ್ಟರ್ನೇಟರಿನಿಂದ ನಿಸ್ತಂತು ದೂರವಾಣಿಯನ್ನು ಆಹ್ವಾನಿತರ ಮುಂದೆ ಪ್ರದರ್ಶಿಸಿದರು. ಅದೇ ವರ್ಷದ ಕ್ರಿಸ್‌ಮಸ್ ಹಿಂದಿನ ರಾತ್ರಿ ಸಂಗೀತ ಮತ್ತು ಮಾತುಗಳನ್ನು ಹಡಗುಗಳಿಗೆ ಬಿತ್ತರಿಸಿದರೆಂಬ ಕಥೆ ಹೆಚ್ಚು ಜನಪ್ರಿಯವಾಗಿದ್ದರೂ, ಅದಕ್ಕೆ ಸಮಕಾಲೀನ ದಾಖಲೆಗಳಿಲ್ಲವೆಂದು ಕೆಲವು ಇತಿಹಾಸಕಾರರು ಸಂಶಯಿಸಿದ್ದಾರೆ. ಆಲ್ಟರ್ನೇಟರಿನ ಶ್ರೇಯಸ್ಸು ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಯೂ ಆಗಾಗ ಏಳುತ್ತದೆ. ಅಧಿಕ ಆವರ್ತನದ ಆಲ್ಟರ್ನೇಟರುಗಳನ್ನು ನಿಕೋಲ ಟೆಸ್ಲಾ ಅದಕ್ಕೂ ಮೊದಲೇ ರಚಿಸಿದ್ದರು. ಅವನ್ನು ರೇಡಿಯೊ ಪ್ರೇಷಕವಾಗಿ ಬಳಸುವ ಹಟ ಫೆಸೆಂಡೆನ್ ಅವರದು. ವರ್ಷಗಟ್ಟಲೆ ಹಗಲಿರುಳು ನಡೆಯಬಲ್ಲ ಯಂತ್ರವಾಗಿ ಅದನ್ನು ನಿಲ್ಲಿಸಿದವರು ಅಲೆಕ್ಸಾಂಡರ್ಸನ್.

ಕಾಂತೀಯ ವರ್ಧಕ

ಮೊದಲ ಯಂತ್ರದ ಸಾಮರ್ಥ್ಯ ಒಂದು ಕಿಲೋವ್ಯಾಟನ್ನೂ ಮುಟ್ಟಿರಲಿಲ್ಲ. ಫೆಸೆಂಡೆನ್ ಧ್ವನಿಗ್ರಾಹಿಯನ್ನು ನೇರವಾಗಿ ಆಂಟೆನಾದ ದಾರಿಯಲ್ಲೇ ಸೇರಿಸಿ ಕೆಲಸ ಸಾಗಿಸಿದ್ದರು. ಸಾಮರ್ಥ್ಯ ಹತ್ತಾರು ಕಿಲೋವ್ಯಾಟಿಗೆ ಏರಿದಾಗ ಇಂಗಾಲದ ಧ್ವನಿಗ್ರಾಹಿ ಸುಟ್ಟುಹೋಗುವುದು ಖಂಡಿತ. ಸಣ್ಣ ಪ್ರವಾಹದಿಂದ ದೊಡ್ಡ ಪ್ರವಾಹವನ್ನು ಆಳುವ ಸಾಧನವೊಂದು ಬೇಕಾಗಿತ್ತು.

ಅಲೆಕ್ಸಾಂಡರ್ಸನ್ ಇದಕ್ಕೆ ಕಂಡುಕೊಂಡ ಪರಿಹಾರವೇ ಕಾಂತೀಯ ವರ್ಧಕ. ಕಬ್ಬಿಣದ ತಿರುಳಿಗೆ ಸುತ್ತಿದ ಸುರುಳಿಯು ಪರ್ಯಾಯ ಪ್ರವಾಹವನ್ನು ತಡೆಯುತ್ತದೆ. ಅದೇ ತಿರುಳಿಗೆ ಇನ್ನೊಂದು ಸುರುಳಿಯಿಂದ ನೇರ ಪ್ರವಾಹವನ್ನು ಹರಿಸಿ ಕಬ್ಬಿಣವನ್ನು ಕಾಂತೀಯವಾಗಿ ತುಂಬಿಬಿಟ್ಟರೆ ಆ ತಡೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ಹೀಗೆ ನೇರ ಪ್ರವಾಹದ ಅಲ್ಪ ಏರಿಳಿತದಿಂದ ಆಂಟೆನಾಕ್ಕೆ ಹೋಗುವ ಭಾರಿ ಪ್ರವಾಹ ಏರಿಳಿಯುತ್ತದೆ. ಚಲಿಸುವ ಭಾಗವಿಲ್ಲ, ಉರಿದುಹೋಗುವ ತಂತುವಿಲ್ಲ. ತಡೆ ಒಡ್ಡುವುದು ರೋಧಕವಲ್ಲದೆ ಸುರುಳಿಯಾದ್ದರಿಂದ ನಿಯಂತ್ರಣದಲ್ಲಿ ಶಾಖವಾಗಿ ಕಳೆದುಹೋಗುವುದೂ ಕಡಿಮೆ. 1916ರಲ್ಲಿ ಅಮೆರಿಕದ ರೇಡಿಯೊ ಇಂಜಿನಿಯರುಗಳ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ಸಹೋದ್ಯೋಗಿಯೊಬ್ಬರೊಡನೆ ಇದನ್ನು ವಿವರಿಸಿದರು. ರೇಡಿಯೊದಿಂದ ಈ ಸಾಧನ ಬೇಗ ಮರೆಯಾದರೂ, ವಿದ್ಯುತ್ ನಿಯಂತ್ರಣ ಮತ್ತು ಸೇನಾ ಉಪಕರಣಗಳಲ್ಲಿ ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಬಾಳಿತು.

ನಿರ್ವಾತ ಕೊಳವೆಯ ಬೆಳವಣಿಗೆಯಲ್ಲಿಯೂ ಅವರ ಪಾತ್ರವಿದೆ. ಲೀ ಡಿ ಫಾರೆಸ್ಟ್ ಅವರ ಆಡಿಯಾನ್ ಕೊಳವೆಯ ವಿಷಯವನ್ನು 1912ರಲ್ಲಿ ಜಾನ್ ಹೇಸ್ ಹ್ಯಾಮಂಡ್ ಜೂನಿಯರ್ ಅವರಿಂದ ತಿಳಿದು, ಅದನ್ನು ಕಂಪನಿಯ ಪ್ರಯೋಗಾಲಯದ ಗಮನಕ್ಕೆ ತಂದವರು ಅಲೆಕ್ಸಾಂಡರ್ಸನ್. ಅಲ್ಲಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಕೊಳವೆಯೊಳಗಿನ ಗಾಳಿಯನ್ನು ಪೂರ್ಣವಾಗಿ ತೆಗೆದು ಹೆಚ್ಚಿನ ಶಕ್ತಿಗೆ ತಕ್ಕಂತೆ ಅದನ್ನು ಬಲಪಡಿಸಿದರು. ಮುಂದೆ ಆಲ್ಟರ್ನೇಟರಿನ ಸ್ಥಾನವನ್ನು ಕಿತ್ತುಕೊಂಡದ್ದು ಇದೇ ಕೊಳವೆ. ಹಲವು ಹಂತಗಳಲ್ಲಿ ಶ್ರುತಿಗೊಳಿಸಿದ ವರ್ಧಕಗಳಿರುವ ಗ್ರಾಹಕಕ್ಕಾಗಿ 1916ರಲ್ಲಿ ಅವರಿಗೆ ದೊರೆತ ಪೇಟೆಂಟು ಮುಂದಿನ ದಶಕದ ಮನೆ ರೇಡಿಯೊಗಳಿಗೆ ಆಧಾರವಾಯಿತು.

ಬಹುಶ್ರುತಿ ಆಂಟೆನಾ

ಕೆಳ ಆವರ್ತನದ ಪ್ರೇಷಕದಲ್ಲಿ ಶಕ್ತಿಯನ್ನು ಉತ್ಪಾದಿಸುವುದಕ್ಕಿಂತ ಅದನ್ನು ಹೊರಗೆ ಸೂಸುವುದು ಕಷ್ಟದ ಕೆಲಸ. 17 ಕಿಲೋಹರ್ಟ್ಸ್ ಆವರ್ತನದಲ್ಲಿ ತರಂಗಾಂತರ ಸುಮಾರು 17 ಕಿ.ಮೀ. ಅದರ ಕಾಲು ಭಾಗದಷ್ಟು ಎತ್ತರದ ಕಂಬವೆಂದರೆ ನಾಲ್ಕು ಕಿಲೋಮೀಟರಿಗೂ ಹೆಚ್ಚು. ನೂರಿನ್ನೂರು ಮೀಟರಿನ ಗೋಪುರಗಳು ಈ ಅಳತೆಯ ಮುಂದೆ ಹುಲ್ಲುಕಡ್ಡಿಗಳು. ಇಷ್ಟು ಗಿಡ್ಡ ಆಂಟೆನಾದಲ್ಲಿ ಅಲೆಯಾಗಿ ಹೊರಹೋಗುವ ಶಕ್ತಿಗೆ ಸಮನಾದ ರೋಧ ಒಂದು ಓಮಿನ ಸಣ್ಣ ಅಂಶ ಮಾತ್ರ. ಭೂಮಿಯ ಮೂಲಕ ಮರಳುವ ಪ್ರವಾಹ ಎದುರಿಸುವ ರೋಧ ಹಲವು ಓಮುಗಳಷ್ಟು. ಪರಿಣಾಮವಾಗಿ ಯಂತ್ರ ಕೊಟ್ಟ ಶಕ್ತಿಯ ಬಹುಪಾಲು ಮಣ್ಣನ್ನು ಬಿಸಿ ಮಾಡುವುದರಲ್ಲಿ ಮುಗಿಯುತ್ತದೆ.

ಗೋಪುರಗಳ ಮೇಲೆ ಉದ್ದಕ್ಕೆ ಹಾಸಿದ ತಂತಿಗಳಿಗೆ ಒಂದೇ ತುದಿಯಲ್ಲಿ ಶಕ್ತಿ ಉಣಿಸುವುದು ಅಂದಿನ ರೂಢಿ. ಮರಳಿ ಬರುವ ಪ್ರವಾಹವೆಲ್ಲ ಆ ಒಂದು ತುದಿಯ ಭೂಸಂಪರ್ಕಕ್ಕೆ ಬಹುದೂರದಿಂದ ಹರಿದುಬರಬೇಕಾಗಿತ್ತು. ಅಲೆಕ್ಸಾಂಡರ್ಸನ್ ತಂತಿಯ ಉದ್ದಕ್ಕೂ ಅಲ್ಲಲ್ಲಿ ಇಳಿತಂತಿಗಳನ್ನು ಬಿಟ್ಟು, ಪ್ರತಿಯೊಂದರ ಬುಡದಲ್ಲಿ ಶ್ರುತಿ ಸುರುಳಿಯನ್ನೂ ಪ್ರತ್ಯೇಕ ಭೂಸಂಪರ್ಕವನ್ನೂ ಇಟ್ಟರು. ಒಂದು ಉದ್ದ ಆಂಟೆನಾ ಹೀಗೆ ಒಟ್ಟಿಗೆ ಮಿಡಿಯುವ ಹಲವು ಆಂಟೆನಾಗಳಾಯಿತು. ಪ್ರವಾಹ ಎಲ್ಲ ಕಡೆಗೆ ಹಂಚಿಹೋಗಿ, ಭೂರೋಧಗಳು ಸಮಾಂತರವಾಗಿ ಸೇರಿ, ಒಟ್ಟು ನಷ್ಟ ಹಲವು ಪಟ್ಟು ಇಳಿಯಿತು. ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್ ಕೇಂದ್ರದಲ್ಲಿ ಇದನ್ನು ಅಳವಡಿಸಿದಾಗ ಅದೇ ಗೋಪುರಗಳು, ಅದೇ ಯಂತ್ರದಿಂದ ಮೊದಲಿಗಿಂತ ಎಷ್ಟೋ ಪ್ರಬಲವಾದ ಅಲೆಗಳು ಹೊರಟವು. ಆಲ್ಟರ್ನೇಟರಿನ ಖ್ಯಾತಿಯ ಮುಂದೆ ಈ ಉಪಾಯ ಸಾಮಾನ್ಯ ಓದುಗರ ಗಮನಕ್ಕೆ ಬರುವುದಿಲ್ಲ. ಕೆಳ ಆವರ್ತನದ ಪ್ರೇಷಣವನ್ನು ಬಲ್ಲವರು ಇದನ್ನು ಅವರ ಅತ್ಯಂತ ಜಾಣ ಕೆಲಸವೆಂದು ಎಣಿಸಿದರೆ ಅದರಲ್ಲಿ ಅತಿಶಯವಿಲ್ಲ.

ಮೊದಲ ಮಹಾಯುದ್ಧ ಮತ್ತು ಆರ್‌ಸಿಎ

1915ರಲ್ಲಿ ಗುಗ್ಲಿಯೆಲ್ಮೊ ಮಾರ್ಕೋನಿ ಸ್ಕೆನೆಕ್ಟಡಿಗೆ ಬಂದು ಆಲ್ಟರ್ನೇಟರನ್ನು ನೋಡಿ, ಅದನ್ನು ತನ್ನ ಕಂಪನಿಗೇ ಮೀಸಲಾಗಿ ಪಡೆಯಲು ಬಯಸಿದರು. ಯುದ್ಧದ ಕಾರಣ ಮಾತುಕತೆ ಅಲ್ಲಿಗೇ ನಿಂತಿತು. 1917ರಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ನೌಕಾಪಡೆಯು ಮಾರ್ಕೋನಿ ಕಂಪನಿಯ ನ್ಯೂ ಬ್ರನ್ಸ್‌ವಿಕ್ ಕೇಂದ್ರವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಅಲ್ಲಿ ಆ ವರ್ಷ 50 ಕಿಲೋವ್ಯಾಟಿನ, 1918ರಲ್ಲಿ 200 ಕಿಲೋವ್ಯಾಟಿನ ಅಲೆಕ್ಸಾಂಡರ್ಸನ್ ಯಂತ್ರಗಳು ಸ್ಥಾಪನೆಗೊಂಡವು. ಅಟ್ಲಾಂಟಿಕ್ ಸಾಗರದಾಚೆಗೆ ಹಗಲೂ ರಾತ್ರಿಯೂ ನಂಬಬಹುದಾದ ನಿಸ್ತಂತು ಸಂಪರ್ಕ ಸಾಧ್ಯವೆಂಬುದು ಈ ಕೇಂದ್ರದಿಂದ ಸಿದ್ಧವಾಯಿತು. ಅಧ್ಯಕ್ಷ ವುಡ್ರೊ ವಿಲ್ಸನ್ ಮಂಡಿಸಿದ ಹದಿನಾಲ್ಕು ಅಂಶಗಳು ಯೂರೋಪನ್ನು ತಲುಪಿದ್ದು ಇಲ್ಲಿಂದಲೇ.

ಯುದ್ಧ ಮುಗಿದ ಮೇಲೆ, 1919ರಲ್ಲಿ, ಮಾರ್ಕೋನಿ ಕಂಪನಿ 24 ಆಲ್ಟರ್ನೇಟರುಗಳನ್ನು ಕೊಳ್ಳಲು ಮುಂದೆ ಬಂತು. ಸಮುದ್ರದಡಿಯ ತಂತಿಗಳಲ್ಲಿ ಆಗಲೇ ಪ್ರಾಬಲ್ಯ ಹೊಂದಿದ್ದ ಬ್ರಿಟನ್ನಿನ ಕೈಗೆ ಈ ಯಂತ್ರವೂ ಹೋದರೆ ಜಗತ್ತಿನ ಸಂದೇಶಗಳೆಲ್ಲ ಒಂದೇ ದೇಶದ ಹಿಡಿತಕ್ಕೆ ಸಿಗುತ್ತವೆಂದು ಅಮೆರಿಕದ ನೌಕಾಪಡೆಯ ಅಧಿಕಾರಿಗಳು ಆತಂಕಗೊಂಡರು. ಅವರ ಒತ್ತಾಯದ ಮೇರೆಗೆ ಕಂಪನಿ ಮಾರಾಟವನ್ನು ಕೈಬಿಟ್ಟಿತು. ಓವನ್ ಯಂಗ್ ಅವರ ಮುಂದಾಳುತನದಲ್ಲಿ, ಅಮೆರಿಕದಲ್ಲಿದ್ದ ಮಾರ್ಕೋನಿ ಶಾಖೆಯ ಆಸ್ತಿಯನ್ನೂ ಸೇರಿಸಿಕೊಂಡು, ಅದೇ ವರ್ಷ ಅಕ್ಟೋಬರಿನಲ್ಲಿ ರೇಡಿಯೊ ಕಾರ್ಪೊರೇಷನ್ ಆಫ್ ಅಮೆರಿಕ ಎಂಬ ಹೊಸ ಸಂಸ್ಥೆ ರೂಪುಗೊಂಡಿತು. ಆರ್‌ಸಿಎ ಎಂದು ಮುಂದೆ ಜಗತ್ಪ್ರಸಿದ್ಧವಾದ ಈ ಸಂಸ್ಥೆಯ ಹುಟ್ಟಿಗೆ ಒಂದು ಯಂತ್ರದ ಒಡೆತನದ ಪ್ರಶ್ನೆ ಕಾರಣವಾಯಿತು. ಅಲೆಕ್ಸಾಂಡರ್ಸನ್ ಅದರ ಮುಖ್ಯ ಇಂಜಿನಿಯರಾಗಿ 1924ರವರೆಗೆ ಕೆಲಸ ಮಾಡಿದರು, ಜನರಲ್ ಎಲೆಕ್ಟ್ರಿಕ್ ಕಂಪನಿಯ ನಂಟನ್ನೂ ಉಳಿಸಿಕೊಂಡರು.

ಈ ಅವಧಿಯಲ್ಲಿ ಮ್ಯಾಸಚೂಸೆಟ್ಸ್‌ನ ಮೇರಿಯನ್, ಕ್ಯಾಲಿಫೋರ್ನಿಯದ ಬೊಲಿನಾಸ್, ಹವಾಯಿಯ ಕಹುಕು, ವೇಲ್ಸ್‌ನ ಕಾರ್ನಾರ್ವನ್, ಪೋಲೆಂಡಿನ ವಾರ್ಸಾ ಮೊದಲಾದೆಡೆ 200 ಕಿಲೋವ್ಯಾಟಿನ ಯಂತ್ರಗಳು ನಿಂತವು. ಎಲ್ಲಕ್ಕಿಂತ ದೊಡ್ಡ ಯೋಜನೆ ನ್ಯೂಯಾರ್ಕಿನ ಲಾಂಗ್ ಐಲೆಂಡಿನ ರಾಕಿ ಪಾಯಿಂಟ್ ಕೇಂದ್ರದ್ದು. ಚಕ್ರದ ಅರಗಳಂತೆ 12 ಆಂಟೆನಾಗಳು, ಅವುಗಳಿಗೆ ಒಟ್ಟು 72 ಗೋಪುರಗಳು, ಪ್ರತಿ ಗೋಪುರ ಸುಮಾರು 125 ಮೀಟರ್ ಎತ್ತರ. 1921ರ ನವೆಂಬರಿನಲ್ಲಿ ಅಧ್ಯಕ್ಷ ವಾರೆನ್ ಹಾರ್ಡಿಂಗ್ ಅವರ ಸಂದೇಶದೊಂದಿಗೆ ಕೇಂದ್ರ ಆರಂಭವಾದಾಗ ಎರಡು ಆಂಟೆನಾ, 12 ಗೋಪುರಗಳು ಸಿದ್ಧವಾಗಿದ್ದವು. ಉಳಿದ 60 ಗೋಪುರಗಳು ಎಂದೂ ಏಳಲಿಲ್ಲ.

ಹವ್ಯಾಸಿಗಳು ಮತ್ತು ಹ್ರಸ್ವ ತರಂಗ

ಅಲೆ ಉದ್ದವಾದಷ್ಟೂ ದೂರ ಹೋಗುತ್ತದೆಂಬುದು ಆ ಕಾಲದ ಇಂಜಿನಿಯರುಗಳ ದೃಢ ನಂಬಿಕೆ. 200 ಮೀಟರಿಗಿಂತ ಚಿಕ್ಕ ತರಂಗಾಂತರಗಳು ವಾಣಿಜ್ಯಕ್ಕೆ ನಿರುಪಯುಕ್ತವೆಂದು ಭಾವಿಸಿ ಅವನ್ನು ಅಮೆರಿಕದ ಹವ್ಯಾಸಿಗಳಿಗೆ ಬಿಟ್ಟುಕೊಡಲಾಗಿತ್ತು. ರಾಕಿ ಪಾಯಿಂಟ್ ಆರಂಭವಾದ ಮರುತಿಂಗಳೇ, 1921ರ ಡಿಸೆಂಬರಿನಲ್ಲಿ, ಸ್ಕಾಟ್ಲೆಂಡಿನ ಆರ್ಡ್ರೊಸನ್ ಕಡಲತೀರದ ಗುಡಾರವೊಂದರಲ್ಲಿ ಕುಳಿತ ಪಾಲ್ ಗಾಡ್ಲಿ, ಅಮೆರಿಕದ ಹವ್ಯಾಸಿ ಕೇಂದ್ರಗಳನ್ನು ಸುಮಾರು 200 ಮೀಟರ್ ತರಂಗಾಂತರದಲ್ಲಿ ಆಲಿಸಿದರು. ಕನೆಕ್ಟಿಕಟ್ಟಿನ ಗ್ರೀನಿಚ್‌ನಲ್ಲಿದ್ದ 1ಬಿಸಿಜಿ ಕೇಂದ್ರದ ನಿರ್ವಾತ ಕೊಳವೆಗಳ ಪ್ರೇಷಕ ಸೆಳೆಯುತ್ತಿದ್ದುದು ಒಂದು ಕಿಲೋವ್ಯಾಟಿನಷ್ಟೇ. 1923ರ ನವೆಂಬರಿನಲ್ಲಿ ಫ್ರೆಡ್ ಶ್ನೆಲ್ ಮತ್ತು ಜಾನ್ ರೀನಾರ್ಟ್ಜ್ ಎಂಬ ಅಮೆರಿಕದ ಹವ್ಯಾಸಿಗಳು ಫ್ರಾನ್ಸಿನ ಲಿಯೊನ್ ಡೆಲೋಯಿ ಅವರೊಡನೆ ನೂರು ಮೀಟರಿನ ಆಸುಪಾಸಿನಲ್ಲಿ ಎರಡೂ ಕಡೆಯಿಂದ ಸಂದೇಶ ವಿನಿಮಯ ಮಾಡಿದರು.

ಲಕ್ಷಾಂತರ ಡಾಲರುಗಳ ಉಕ್ಕಿನ ಯಂತ್ರ ಮಾಡುತ್ತಿದ್ದ ಕೆಲಸವನ್ನು ಮನೆಯ ಕೋಣೆಯೊಂದರ ಉಪಕರಣ ಮಾಡತೊಡಗಿತ್ತು. ಮೇಲಿನ ವಾಯುಮಂಡಲದ ವಿದ್ಯುದೀಕೃತ ಪದರಗಳು ಹ್ರಸ್ವ ತರಂಗಗಳನ್ನು ಪ್ರತಿಫಲಿಸುವುದರಿಂದ ಇದು ಸಾಧ್ಯವಾಗುತ್ತದೆಂಬ ವಿವರಣೆ ಆಮೇಲೆ ಸ್ಪಷ್ಟವಾಯಿತು. ಆರ್‌ಸಿಎ ಕೆಲವೇ ವರ್ಷಗಳಲ್ಲಿ ಹ್ರಸ್ವ ತರಂಗಕ್ಕೆ ತಿರುಗಿತು, ಹೊಸ ಆಲ್ಟರ್ನೇಟರುಗಳ ನಿರ್ಮಾಣ ನಿಂತಿತು. ಇಪ್ಪತ್ತು ವರ್ಷದ ದುಡಿಮೆಯಿಂದ ಪರಿಪೂರ್ಣತೆ ತಲುಪಿದ ಯಂತ್ರವು ಪರಿಪೂರ್ಣವಾದ ಹೊತ್ತಿಗೇ ಹಳತಾದದ್ದು ತಂತ್ರಜ್ಞಾನದ ಇತಿಹಾಸದ ಕಠೋರ ಪ್ರಸಂಗಗಳಲ್ಲೊಂದು. ಅಲೆಕ್ಸಾಂಡರ್ಸನ್ ಹಳೆಯ ಯಂತ್ರಕ್ಕೆ ಅಂಟಿಕೊಂಡು ಕೂರಲಿಲ್ಲ. ಹ್ರಸ್ವ ತರಂಗಗಳ ಪ್ರಸರಣ ಮತ್ತು ಧ್ರುವೀಕರಣವನ್ನು ಕುರಿತು ಅವರೇ ಪ್ರಯೋಗಗಳನ್ನು ಕೈಗೊಂಡರು.

ಮಗನ ಅಪಹರಣ

1923ರ ಏಪ್ರಿಲ್ 30ರಂದು ಅಲೆಕ್ಸಾಂಡರ್ಸನ್ ಅವರ ಆರು ವರ್ಷದ ಮಗ ವೆರ್ನರ್‌ನನ್ನು ಸ್ಕೆನೆಕ್ಟಡಿಯ ಮನೆಯ ಬಳಿಯಿಂದ ಅಪಹರಿಸಲಾಯಿತು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಡಬ್ಲ್ಯುಜಿವೈ ಬಾನುಲಿ ಕೇಂದ್ರ ಆರಂಭವಾಗಿ ಆಗ ಒಂದು ವರ್ಷವಷ್ಟೇ ಕಳೆದಿತ್ತು. ಮಗುವಿನ ಚಹರೆಯನ್ನು ಆ ಕೇಂದ್ರ ಬಿತ್ತರಿಸಿತು. ರಾಜ್ಯದ ಉತ್ತರ ಭಾಗದ ಥೆರೆಸಾ ಎಂಬ ಹಳ್ಳಿಯ ಕಡೆ ಅದನ್ನು ಕೇಳಿಸಿಕೊಂಡ ಶ್ರೋತೃವೊಬ್ಬರು ಅಂಥದೇ ಹುಡುಗನನ್ನು ಕಂಡದ್ದು ನೆನಪಾಗಿ ಪೊಲೀಸರಿಗೆ ತಿಳಿಸಿದರು. ಕೆಲವೇ ದಿನಗಳಲ್ಲಿ ಬಾಲಕ ಸುರಕ್ಷಿತವಾಗಿ ಮನೆ ಸೇರಿದನು. ಕಳೆದುಹೋದವರನ್ನು ಬಾನುಲಿಯ ನೆರವಿನಿಂದ ಪತ್ತೆಹಚ್ಚಿದ ಮೊದಮೊದಲ ಘಟನೆಗಳಲ್ಲಿ ಇದನ್ನು ಎಣಿಸಲಾಗುತ್ತದೆ.

ದೂರದರ್ಶನ ಮತ್ತು ಇತರ ಕೆಲಸಗಳು

1924ರಲ್ಲಿ ಅವರು ಅಟ್ಲಾಂಟಿಕ್‌ನಾಚೆಗೆ ಕೈಬರಹದ ಪ್ರತಿಕೃತಿಯನ್ನು ರೇಡಿಯೊ ಮೂಲಕ ಕಳುಹಿಸಿದರು. ಅಲ್ಲಿಂದ ಚಲಿಸುವ ಚಿತ್ರದತ್ತ ಅವರ ಗಮನ ಹರಿಯಿತು. ರಂಧ್ರಗಳಿರುವ ತಿರುಗುವ ತಟ್ಟೆಯಿಂದ ಚಿತ್ರವನ್ನು ಗೆರೆಗೆರೆಯಾಗಿ ಓದುವ ಯಾಂತ್ರಿಕ ದೂರದರ್ಶನ ಅವರದು. 1928ರ ಜನವರಿಯಲ್ಲಿ ಸ್ಕೆನೆಕ್ಟಡಿಯ ಮನೆಗಳಲ್ಲಿ ಅದರ ಪ್ರದರ್ಶನ ನಡೆಯಿತು. ಅದೇ ವರ್ಷ ಸೆಪ್ಟೆಂಬರ್ 11ರಂದು ಕ್ವೀನ್ಸ್ ಮೆಸೆಂಜರ್ ಎಂಬ ನಾಟಕ ಇದೇ ವ್ಯವಸ್ಥೆಯಲ್ಲಿ ಪ್ರಸಾರಗೊಂಡು ದೂರದರ್ಶನದ ಮೊದಲ ನಾಟಕವೆನಿಸಿತು. 1930ರ ಮೇ ತಿಂಗಳಲ್ಲಿ ಸ್ಕೆನೆಕ್ಟಡಿಯ ಪ್ರಾಕ್ಟರ್ಸ್ ರಂಗಮಂದಿರದ ದೊಡ್ಡ ತೆರೆಯ ಮೇಲೆ, ಪ್ರಯೋಗಾಲಯದಲ್ಲಿದ್ದ ಸಂಗೀತ ನಿರ್ದೇಶಕರ ಬಿಂಬವು ಮಂದಿರದಲ್ಲಿದ್ದ ವಾದ್ಯವೃಂದವನ್ನು ನಡೆಸಿತು. ಎಲೆಕ್ಟ್ರಾನಿಕ್ ದೂರದರ್ಶನ ಬಂದಮೇಲೆ ಈ ಮಾರ್ಗವೂ ಮುಚ್ಚಿತು.

ವಿದ್ಯುತ್ ರೈಲುಗಳ ಮೋಟಾರುಗಳು, ಹಡಗುಗಳ ವಿದ್ಯುತ್ ಚಾಲನೆ, ಅಧಿಕ ಒತ್ತಡದ ನೇರ ವಿದ್ಯುತ್ ಸಾಗಣೆ ಇವುಗಳಲ್ಲಿಯೂ ಅವರು ದುಡಿದರು. ಎರಡನೆಯ ಮಹಾಯುದ್ಧದಲ್ಲಿ ವಿಮಾನ ನಿರೋಧಕ ತೋಪುಗಳನ್ನು ಗುರಿಯತ್ತ ತಿರುಗಿಸಲು ಬಳಸಿದ ಆಂಪ್ಲಿಡೈನ್ ಎಂಬ ತಿರುಗುವ ವರ್ಧಕ ಅವರ ಕಲ್ಪನೆ. ಅತ್ಯಲ್ಪ ಪ್ರವಾಹದ ಸೂಚನೆಯನ್ನು ಅದು ಭಾರಿ ಮೋಟಾರನ್ನು ನಡೆಸುವ ಶಕ್ತಿಯಾಗಿ ಹಿಗ್ಗಿಸುತ್ತಿತ್ತು. 1948ರಲ್ಲಿ ನಿವೃತ್ತರಾದ ಬಳಿಕವೂ ಆರ್‌ಸಿಎ ಸಂಸ್ಥೆಯ ಸಲಹೆಗಾರರಾಗಿ ಬಣ್ಣದ ದೂರದರ್ಶನ ಗ್ರಾಹಕದ ಮೇಲೆ ಕೆಲಸ ಮಾಡಿ, 1955ರಲ್ಲಿ ಅದಕ್ಕೊಂದು ಪೇಟೆಂಟು ಪಡೆದರು. ಆಗ ಅವರ ವಯಸ್ಸು 77.

ಅವರಿಗೆ 1919ರಲ್ಲಿ ರೇಡಿಯೊ ಇಂಜಿನಿಯರುಗಳ ಸಂಸ್ಥೆಯ ಗೌರವ ಪದಕ, 1944ರಲ್ಲಿ ಎಡಿಸನ್ ಪದಕ ಲಭಿಸಿದವು. 1921ರಲ್ಲಿ ಅವರು ರೇಡಿಯೊ ಇಂಜಿನಿಯರುಗಳ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಮೊದಲ ಪತ್ನಿ ಈಡಿತ್ 1912ರಲ್ಲಿಯೂ ಎರಡನೆಯ ಪತ್ನಿ ಗರ್ಟ್ರೂಡ್ 1948ರಲ್ಲಿಯೂ ತೀರಿಕೊಂಡರು. 1949ರಲ್ಲಿ ಅವರು ಥೈರಾ ಅವರನ್ನು ವಿವಾಹವಾದರು. 97ನೆಯ ವಯಸ್ಸಿನಲ್ಲಿ ಸ್ಕೆನೆಕ್ಟಡಿಯಲ್ಲಿ ನಿಧನರಾದರು. 1983ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧಕರ ಗೌರವ ಪಟ್ಟಿಗೆ ಅವರ ಹೆಸರು ಮರಣೋತ್ತರವಾಗಿ ಸೇರಿತು.

ಕೆಳ ಆವರ್ತನಕ್ಕೆ ಮರಳಿದ ಹವ್ಯಾಸಿಗಳು

ಆಲ್ಟರ್ನೇಟರುಗಳನ್ನು ಮೂಲೆಗೆ ಸರಿಸಿದ ಹವ್ಯಾಸಿ ರೇಡಿಯೊ ಸಮುದಾಯವೇ ಶತಮಾನದ ಕೊನೆಗೆ ಕೆಳ ಆವರ್ತನಗಳಿಗೆ ಹಿಂತಿರುಗಿತು. ಬ್ರಿಟನ್ ಮೊದಲಾದ ದೇಶಗಳಲ್ಲಿ 1990ರ ದಶಕದಲ್ಲಿ 136 ಕಿಲೋಹರ್ಟ್ಸ್ ಸುತ್ತಲಿನ ಕಿರು ಪಟ್ಟಿ ಅವರಿಗೆ ದೊರೆಯಿತು. 2007ರ ಜಾಗತಿಕ ರೇಡಿಯೊ ಸಮ್ಮೇಳನವು 135.7ರಿಂದ 137.8 ಕಿಲೋಹರ್ಟ್ಸ್ ಪಟ್ಟಿಯನ್ನು, 2012ರದು 472ರಿಂದ 479 ಕಿಲೋಹರ್ಟ್ಸ್ ಪಟ್ಟಿಯನ್ನು ಹವ್ಯಾಸಿಗಳಿಗೆ ಅಂತಾರಾಷ್ಟ್ರೀಯವಾಗಿ ಹಂಚಿತು. ಕೆಳಗಿನ ಪಟ್ಟಿಯಲ್ಲಿ ಆಂಟೆನಾ ಸೂಸುವ ಶಕ್ತಿಗೆ ಒಂದು ವ್ಯಾಟಿನ ಮಿತಿಯಿದೆ.

ಒಂದು ವ್ಯಾಟ್ ಎಂದರೆ ಅಲ್ಪವೆನಿಸಬಹುದು. ಅದನ್ನು ಸೂಸುವುದೇ ಸುಲಭವಲ್ಲ. 137 ಕಿಲೋಹರ್ಟ್ಸ್ ತರಂಗಾಂತರ ಸುಮಾರು 2.2 ಕಿ.ಮೀ. ಹಿತ್ತಿಲಿನಲ್ಲಿ 15 ಮೀಟರ್ ಕಂಬ ನೆಟ್ಟು, ಅದರ ತುದಿಗೆ ಉದ್ದನೆಯ ತಂತಿಗಳನ್ನು ಹರಡಿದರೂ, ಅಲೆಯಾಗಿ ಹೊರಹೋಗುವ ಶಕ್ತಿಯ ರೋಧ 0.1 ಓಮಿಗಿಂತ ಕಡಿಮೆ. ಭೂಮಿಯ ರೋಧ 50 ಓಮ್ ಎಂದಿಟ್ಟುಕೊಂಡರೆ ಸಾವಿರ ವ್ಯಾಟಿನಲ್ಲಿ ಒಂದೆರಡು ವ್ಯಾಟ್ ಮಾತ್ರ ಅಲೆಯಾಗುತ್ತದೆ. ಅಲೆಕ್ಸಾಂಡರ್ಸನ್ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಎದುರಿಸಿದ ಲೆಕ್ಕವೇ ಇಲ್ಲಿ ಹಿತ್ತಿಲಿನ ಅಳತೆಗೆ ಇಳಿದಿದೆ. ಹೀಗಾಗಿ ನೂರಾರು ವ್ಯಾಟ್ ಶಕ್ತಿಯನ್ನು ಕಡಿಮೆ ಖರ್ಚಿನಲ್ಲಿ, ಕಡಿಮೆ ಶಾಖದಲ್ಲಿ ಉತ್ಪಾದಿಸುವ ವರ್ಧಕ ಬೇಕಾಗುತ್ತದೆ. ಸಾಮಾನ್ಯ ರೇಖೀಯ ವರ್ಧಕದ ಟ್ರಾನ್ಸಿಸ್ಟರಿನಲ್ಲಿ ವಿದ್ಯುದೊತ್ತಡವೂ ಪ್ರವಾಹವೂ ಏಕಕಾಲದಲ್ಲಿ ಇರುವುದರಿಂದ ಶಕ್ತಿಯ ದೊಡ್ಡ ಪಾಲು ಶಾಖವಾಗುತ್ತದೆ. ಡಿ ವರ್ಗದ ವರ್ಧಕದಲ್ಲಿ ಟ್ರಾನ್ಸಿಸ್ಟರುಗಳು ಪೂರ್ತಿ ತೆರೆದ ಇಲ್ಲವೇ ಪೂರ್ತಿ ಮುಚ್ಚಿದ ಸ್ವಿಚ್ಚುಗಳಂತೆ ವರ್ತಿಸುತ್ತವೆ. ಇ ವರ್ಗದಲ್ಲಿ ಸುರುಳಿ ಮತ್ತು ಕೆಪಾಸಿಟರುಗಳ ಅಳತೆಯನ್ನು ಹೊಂದಿಸಿ, ಒತ್ತಡ ಶೂನ್ಯಕ್ಕೆ ಇಳಿದ ಗಳಿಗೆಯಲ್ಲೇ ಸ್ವಿಚ್ಚು ಹಾಕುವಂತೆ ಮಾಡಲಾಗುತ್ತದೆ. ಎರಡರಲ್ಲೂ ಶೇಕಡಾ 90ರ ಸಮೀಪದ ದಕ್ಷತೆ ಸಾಧ್ಯ. ಸ್ವಿಚ್ಚಿಂಗ್ ವಿದ್ಯುತ್ ಪೂರೈಕೆಗಳಿಗೆಂದು ತಯಾರಾದ ಅಗ್ಗದ ಮಾಸ್‌ಫೆಟ್ ಟ್ರಾನ್ಸಿಸ್ಟರುಗಳು ಈ ಆವರ್ತನಗಳಲ್ಲಿ ಆರಾಮವಾಗಿ ಕೆಲಸ ಮಾಡುತ್ತವೆ. ಇ ವರ್ಗದ ವರ್ಧಕವನ್ನು ನೇಥನ್ ಸೋಕಲ್ ಮತ್ತು ಅಲನ್ ಸೋಕಲ್ ತಮ್ಮ ಪ್ರಬಂಧದಲ್ಲಿ ಪ್ರಕಟಿಸಿದ್ದು 1975ರ ಜೂನ್ ತಿಂಗಳಲ್ಲಿ, ಅಲೆಕ್ಸಾಂಡರ್ಸನ್ ನಿಧನರಾದ ಮರುತಿಂಗಳು. ಇದು ಕಾಕತಾಳೀಯವೇ ಸರಿ.

ಗ್ರಿಮೆಟನ್

ಕೆಲಸ ಮಾಡುವ ಸ್ಥಿತಿಯಲ್ಲಿ ಉಳಿದಿರುವ ಏಕೈಕ ಅಲೆಕ್ಸಾಂಡರ್ಸನ್ ಪ್ರೇಷಕ ಸ್ವೀಡನ್ನಿನ ನೈರುತ್ಯ ಕರಾವಳಿಯ ವಾರ್‌ಬರ್ಗ್ ಸಮೀಪದ ಗ್ರಿಮೆಟನ್‌ನಲ್ಲಿದೆ. 1925ರ ಜುಲೈ 2ರಂದು ದೊರೆ ಐದನೆಯ ಗುಸ್ತಾಫ್ ಇದನ್ನು ಉದ್ಘಾಟಿಸಿದಾಗ ಅಲೆಕ್ಸಾಂಡರ್ಸನ್ ಹಾಜರಿದ್ದರು. 127 ಮೀಟರ್ ಎತ್ತರದ ಆರು ಗೋಪುರಗಳು ಸುಮಾರು ಎರಡು ಕಿಲೋಮೀಟರ್ ಉದ್ದಕ್ಕೆ ಸಾಲಾಗಿ ನಿಂತಿದ್ದು, ಪ್ರತಿಯೊಂದರ ಬಳಿಯೂ ಇಳಿತಂತಿ ಮತ್ತು ಶ್ರುತಿ ಸುರುಳಿ ಇದೆ. ಯಂತ್ರದ ತಟ್ಟೆಯ ವ್ಯಾಸ 1.6 ಮೀಟರ್, ಅದರ ಸೀಳುಗಳು 488, ವೇಗ ನಿಮಿಷಕ್ಕೆ ಸುಮಾರು 2,115 ಸುತ್ತು. ಇದರಿಂದ 17.2 ಕಿಲೋಹರ್ಟ್ಸ್ ದೊರೆಯುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಸಮುದ್ರದಡಿಯ ತಂತಿಗಳು ಕಡಿದುಹೋದಾಗ ಸ್ವೀಡನ್ನಿಗೆ ಹೊರಜಗತ್ತಿನೊಡನೆ ಈ ಕೇಂದ್ರ ಮುಖ್ಯ ಕೊಂಡಿಯಾಗಿತ್ತು. ಅತಿ ಕೆಳಗಿನ ಆವರ್ತನದ ಅಲೆಗಳು ಸಮುದ್ರದ ನೀರಿನೊಳಕ್ಕೆ ಸ್ವಲ್ಪ ಆಳದವರೆಗೆ ಇಳಿಯುವುದರಿಂದ, ಯುದ್ಧಾನಂತರ ಸ್ವೀಡನ್ನಿನ ನೌಕಾಪಡೆ ಜಲಾಂತರ್ಗಾಮಿಗಳಿಗೆ ಸಂದೇಶ ಕಳುಹಿಸಲು ಇದನ್ನು ಬಳಸಿತು. ಇದೇ ಕಾರಣದಿಂದ ಇಂಥ ಆವರ್ತನದ ಪ್ರೇಷಕಗಳನ್ನು, ಎಲೆಕ್ಟ್ರಾನಿಕ್ ರೂಪದಲ್ಲಿ, ಹಲವು ದೇಶಗಳು ಇಂದಿಗೂ ನಡೆಸುತ್ತಿವೆ. ಭಾರತೀಯ ನೌಕಾಪಡೆಯ ಅಂಥ ಕೇಂದ್ರ ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ಐಎನ್ಎಸ್ ಕಟ್ಟಬೊಮ್ಮನ್.

2004ರಲ್ಲಿ ಗ್ರಿಮೆಟನ್ ಕೇಂದ್ರ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಜುಲೈ 2ಕ್ಕೆ ಸಮೀಪದ ಭಾನುವಾರವನ್ನು ಅಲೆಕ್ಸಾಂಡರ್ಸನ್ ದಿನವಾಗಿ ಆಚರಿಸಿ, ಆ ದಿನವೂ ಕ್ರಿಸ್‌ಮಸ್ ಹಿಂದಿನ ದಿನವೂ ಯಂತ್ರವನ್ನು ಚಾಲನೆ ಮಾಡಿ ಎಸ್‌ಎಕ್ಯೂ ಎಂಬ ಕರೆಸಂಕೇತದಲ್ಲಿ ಮೋರ್ಸ್ ಸಂದೇಶ ಕಳುಹಿಸುವ ವಾಡಿಕೆಯಿದೆ. 17.2 ಕಿಲೋಹರ್ಟ್ಸ್ ಕಂಪ್ಯೂಟರಿನ ಧ್ವನಿ ಕಾರ್ಡಿನ ವ್ಯಾಪ್ತಿಯೊಳಗೇ ಬರುವುದರಿಂದ, ಉದ್ದನೆಯ ತಂತಿಯನ್ನೋ ದೊಡ್ಡ ಸುರುಳಿಯನ್ನೋ ಜೋಡಿಸಿ, ಸೂಕ್ತ ತಂತ್ರಾಂಶದ ನೆರವಿನಿಂದ ಹಲವು ದೇಶಗಳ ಹವ್ಯಾಸಿಗಳು ಅದನ್ನು ಆಲಿಸಿ ಕೇಂದ್ರಕ್ಕೆ ವರದಿ ಕಳುಹಿಸುತ್ತಾರೆ.